ಅಮೆರಿಕದ ವರನಿಗೆ ಮಸ್ಕಿಯ ವಿಚಾರಣೆ

ರಾಯಚೂರು ಜಿಲ್ಲೆಯಲ್ಲಿ ಅಮೆರಿಕನ್ ಸಾಹಿತ್ಯಕ್ಕೆ ಅಂತ ಒಬ್ಬ ಶತ್ರು ಇದ್ದರೆ, ಅದು ನಮ್ಮ ಅಕ್ಕ! ಒಡಹುಟ್ಟಿದವಳ ಬಗ್ಗೆ ಹೀಗೆಲ್ಲ ಹೇಳಬಾರದು ಎನ್ನುತ್ತೀರಾ? ನೀವೇ ಆಕೆಗೆ ಒಂದು ಕಾದಂಬರಿ ಪಾಠ ಮಾಡಿ ನೋಡಿ, ಆಮೇಲೆ ಮಾತಾಡೋಣ.

ನಾನು ಲಿಂಗಸುಗೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕ. ನನಗಿಂತ ಒಂದೇ ವರ್ಷ ದೊಡ್ಡವಳಾದ ಅಕ್ಕನನ್ನು ಮಸ್ಕಿಗೆ ಕೊಟ್ಟಿದೆ. ಮಗಳ ಮದುವೆ ಮುಗಿದು ಬಿಡುವಾಗಿದ್ದೇ ತಡ, ಎಂದೋ ಅರ್ಧಕ್ಕೆ ಬಿಟ್ಟಿದ್ದ ಪಿಯುಸಿ ಮುಗಿಸಿ, ಐವತ್ತು ದಾಟಿದ ವಯಸ್ಸಿನಲ್ಲಿ ಅಂಚೆ ತೆರಪಿನ ಬಿಎ ಹಚ್ಚಿಕೊಂಡಳು. ಹಚ್ಚಿಕೊಳ್ಳಲಿ, ಬೇಡ ಅಂದವರಾರು? ಆದರೆ ಜಗತ್ತಿನಲ್ಲಿ ಇಷ್ಟೊಂದು ವಿಷಯಗಳಿರುವಾಗ ಐಚ್ಛಿಕ ಇಂಗ್ಲಿಷ್ ತೆಗೆದುಕೊಳ್ಳಬೇಕೇ? ಕೇಳಿದರೆ, "ನೀ ಅದೀಯಲ್ಲ ತಮ್ಮಾ, ಹೇಳಿಕೊಡಾಕ" ಎಂದಳು.

ಉಳಿದ ಪೇಪರುಗಳೆಲ್ಲ ಹೇಗೋ ಪಾಸಾದವು. ಅಮೆರಿಕನ್ ಕಾದಂಬರಿಯ ಪೇಪರು ಮಾತ್ರ ಮೂರು ಸಲ ಢುಮ್ಕಿ. ಅದೊಂದು ದಾಟಿದರೆ ಪದವಿ. ಅವ್ವ ಇರುವ ದಢೇಸುಗೂರಿನ ನಮ್ಮ ಹಳೆಯ ಮನೆಯ ಗೋಡೆಯ ಮೇಲೆ ನಾನು ಪದವಿಯ ಕರಿ ನಿಲುವಂಗಿ ತೊಟ್ಟು, ಲೋಕವನ್ನೇ ಗೆದ್ದವನಂತೆ ನಿಂತ ಫೋಟೊ ಇದೆ. ಅದರ ಪಕ್ಕದಲ್ಲಿ ಅಕ್ಕ ಈಗಾಗಲೇ ಒಂದು ಮೊಳೆ ಹೊಡೆದಿಟ್ಟಿದ್ದಾಳೆ. ಖಾಲಿ ಮೊಳೆ! ಅವ್ವ ಅದಕ್ಕೆ ಕ್ಯಾಲೆಂಡರ್ ತೂಗುಹಾಕಿದರೆ ಜಗಳ ತೆಗೆಯುತ್ತಾಳೆ.

ಆಕೆಯ ಇನ್ನೊಂದು ಹುದ್ದೆಯ ಬಗ್ಗೆಯೂ ಹೇಳಬೇಕು. ನಮ್ಮ ಬಳಗದಲ್ಲಿ ಯಾವ ಹೆಣ್ಣಿಗೆ ಗಂಡು ನೋಡಿದರೂ ವಿಚಾರಣೆ ಅಕ್ಕನದೇ. ಗಂಡಿನ ಊರಿಗೆ ಹೋಗುತ್ತಾಳೆ, ಆದರೆ ಗಂಡಿನ ಮನೆಗೆ ಹೋಗುವುದಿಲ್ಲ. "ಮನ್ಯಾಗ ಕೇಳಿದ್ರ ಬಂಗಾರದಂಥ ಹುಡುಗ ಅಂತಾರ. ಭಾಂಡೆ ತಿಕ್ಕಾಕಿನ ಹುಡುಕಿ ಕೇಳಬೇಕು" ಎನ್ನುವುದು ಆಕೆಯ ಸಿದ್ಧಾಂತ. ಸಿಂಧನೂರಿನಲ್ಲಿ ಸರ್ಕಾರಿ ನೌಕರಿಯ ಹುಡುಗನೊಬ್ಬನನ್ನು ಒಂದೇ ಮಾತಿಗೆ ಬೇಡವೆಂದು ಬಂದಳು. ಕಾರಣವೇನು? ತಾಟು ಬರುವುದು ತಡವಾದರೆ ಅವನು ಬಾಗಿಲಿಗೆ ಒದೆಯುತ್ತಾನೆ ಎಂದು ಆ ಮನೆಯಲ್ಲಿ ಪಾತ್ರೆ ತೊಳೆಯುವವಳು ಹೇಳಿದ್ದಳಂತೆ. ಇಂಥವಳ ಕೈಗೆ ಅಮೆರಿಕದ ಕಾದಂಬರಿ ಸಿಕ್ಕರೆ ಏನಾಗಬೇಡ?

ಕಾದಂಬರಿ ಹಳೆಯದು, ದೊಡ್ಡದು, ಗಂಭೀರವಾದದ್ದು. ಹಳ್ಳಕ್ಕೆ ಅಡ್ಡ ಕಟ್ಟೆ ಕಟ್ಟಿ ಗಿರಣಿ ನಡೆಸುವ ಒಬ್ಬ ಹಟಮಾರಿ. ಕೆಳಗಿನ ಹೊಲಗಳಿಗೆ ನೀರು ಕೇಳುವ ಅವನ ಬಾಲ್ಯದ ಗೆಳೆಯ. ಹಟ ಬೆಳೆದು ಬೆಳೆದು ಕೊನೆಗೆ ಗಿರಣಿ ಸುಟ್ಟುಹೋಗುತ್ತದೆ. ಇಬ್ಬರೂ ಹಿಮದಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅದನ್ನು ಪಾಠ ಮಾಡುವಾಗ ನನ್ನ ದನಿಯೇ ನಡುಗುತ್ತದೆ.

ಭಾನುವಾರ ಮಸ್ಕಿಗೆ ಹೋಗಿ, ಚಾಪೆಯ ಮೇಲೆ ಕೂತು, "ಇಲ್ಲಿ ಸಂಘರ್ಷ ಎರಡು ಥರ. ಹೊರಗಿನದು, ಒಳಗಿನದು" ಎಂದು ಶುರುಮಾಡಿದೆ.

"ಎರಡು ಎಲ್ಲಿ ಬಂತೋ? ಇದು ಗೇಜಿನ ಜಗಳ" ಎಂದಳು ಅಕ್ಕ. ನಮ್ಮ ಕಡೆ ಕಾಲುವೆಯಲ್ಲಿ ನೀರಿನ ಮಟ್ಟ ಅಳೆಯುವ ಗೇಜು ಇಳಿದರೆ ಕೆಳಭಾಗದ ರೈತರು ರಸ್ತೆಗಿಳಿಯುತ್ತಾರೆ. "ಸಾಲಗುಂದದ ಮಾವನ್ನ ಕರಕೊಂಡು ಹೋಗಿದ್ರ ಇಬ್ಬರನೂ ಕುಂದರಿಸಿ ಅರ್ಧ ತಾಸಿನ್ಯಾಗ ಬಗಿಹರಸ್ತಿದ್ದ. ಇಷ್ಟು ದಪ್ಪ ಪುಸ್ತಕ ಯಾಕ ಬೇಕಿತ್ತು?"

ವಿಶ್ವಸಾಹಿತ್ಯ ನಮ್ಮ ಸೋದರಮಾವನ ಮುಂದೆ ಅರ್ಧ ತಾಸಿನ ಕೆಲಸ! ಕೇಳಿದಿರಾ?

ಅಲ್ಲಿಗೆ ಬಿಟ್ಟಳೇ? ಹಾಲ್ ಟಿಕೆಟ್ ತರಲು ಇಬ್ಬರೂ ಸಿಂಧನೂರಿನ ಬಸ್ ಹತ್ತಿದೆವು. ಪಕ್ಕದಲ್ಲಿ ಕೂತ ಹೆಣ್ಣುಮಗಳಿಗೆ ಅಕ್ಕ ಕಥೆ ಹೇಳತೊಡಗಿದಳು. ಸ್ವಲ್ಪ ಹೊತ್ತಿಗೆ ಬಸ್ಸೇ ಇಬ್ಭಾಗವಾಯಿತು. ಹಿಂದಿನ ಸೀಟಿನವರು ಗಿರಣಿಯವನ ಪಾರ್ಟಿ, ಮುಂದಿನವರು ರೈತನ ಪಾರ್ಟಿ. ಒಬ್ಬ ಮುದುಕ ತನ್ನ ಊರು ಬಂದರೂ ಇಳಿಯದೆ, "ಮೊದಲು ನೀರು ಬಿಟ್ಟನೋ ಇಲ್ಲೋ ಹೇಳವ್ವಾ" ಎಂದು ಕಂಬಿ ಹಿಡಿದು ನಿಂತ. ಕಂಡಕ್ಟರ್ ಸೀಟಿ ಊದಿ ಊದಿ ಸುಸ್ತಾದ. ನಾನು ಕಿಟಕಿಯ ಕಡೆ ಮುಖ ಮಾಡಿ, ಈಕೆ ಯಾರೋ ನಾನು ಯಾರೋ ಎಂಬಂತೆ ಕೂತೆ. ಹದಿನೈದು ದಿನ ಬಿಟ್ಟು ಸಿಂಧನೂರಿನ ಚಹಾದಂಗಡಿಯಲ್ಲಿ ಅಪರಿಚಿತನೊಬ್ಬ ನನ್ನನ್ನು ತಡೆದು, "ಸರ, ಅಮೆರಿಕಾದಾಗ ಆ ಗಿರಣಿಯವ ನೀರು ಬಿಟ್ಟನೇನ್ರಿ?" ಎಂದ!

ಪರೀಕ್ಷೆಯ ಹಿಂದಿನ ಭಾನುವಾರ ಕೊನೆಯ ಪ್ರಯತ್ನ ಮಾಡಿದೆ. "ಕಥಾನಾಯಕನ ಪಾತ್ರದ ಮ್ಯಾಲೆ ಉತ್ತರ ಬರದು ತಂದೀನಿ. ಬಾಯಿಪಾಠ ಮಾಡು, ಸಾಕು."

"ಅವನ ಬಗ್ಗೆ ವಿಚಾರಿಸಿದೆ. ಒಳ್ಳೇ ಮಾತು ಬರಲಿಲ್ಲ ತಮ್ಮಾ."

"ಯಾರನ್ನ ವಿಚಾರಿಸಿದಿ?"

"ಗಿರಣಿಯಾಗ ಭಾಂಡೆ ತಿಕ್ಕಾಕಿ ಒಬ್ಬಾಕಿ ಅದಾಳ. ನೋಡು." ಪುಸ್ತಕ ತೆರೆದು ಬೆರಳಿಟ್ಟಳು. ನಿಜ, ಮೂರು ವಾಕ್ಯ ಇದ್ದವು. ಒಬ್ಬ ಹೆಂಗಸು ಬ್ರೆಡ್ ತಂದಿಡುತ್ತಾಳೆ. ತಾಟು ತೊಳೆಯುತ್ತಾಳೆ. ಗಿರಣಿಯ ಹಿಂದಿನ ಕೋಣೆಗೆ ಮಲಗಲು ಹೋಗುತ್ತಾಳೆ. ಅಷ್ಟೇ, ಮುಂದೆ ಎಲ್ಲೂ ಬರುವುದಿಲ್ಲ.

"ಗಿರಣಿ ಸುಟ್ಟಾಗ ಆಕಿ ಎಲ್ಲಿದ್ಲು?" ಎಂದು ಕೇಳಿದಳು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಭಾವ ಕೂತಿದ್ದರು, ಅಕ್ಕನ ಮಗಳು ಬಂದಿದ್ದಳು, ಎಲ್ಲರ ಮುಂದೆಯೇ ನಕ್ಕೆ. "ಅಕ್ಕಾ, ಆಕಿಗೆ ಒಂದು ಹೆಸರೂ ಇಲ್ಲ! ಆಕಿ ಪಾತ್ರನ ಅಲ್ಲ. ಬರೇ ಅಡಿಗಿ ಮಾಡಾಕಿ!"

ಅಕ್ಕ ಪುಸ್ತಕ ಮುಚ್ಚಿ ಚಹಾ ಮಾಡಲು ಎದ್ದುಹೋದಳು.

ಪರೀಕ್ಷೆ ಸಿಂಧನೂರಿನಲ್ಲಿತ್ತು. ಹೊರಗೆ ಬಂದವಳನ್ನು ಪ್ರಶ್ನೆ ಏನು ಬಂದಿತ್ತೆಂದು ಕೇಳಿದೆ. ಮುಖ್ಯ ಪಾತ್ರ ಮತ್ತು ಸಂಘರ್ಷವನ್ನು ವಿಶ್ಲೇಷಿಸಿ ಎಂದು ಬಂದಿತ್ತು. ನಾನು ಬರೆದುಕೊಟ್ಟದ್ದೇ! ಆದರೆ ಈ ಪುಣ್ಯಾತ್ಗಿತ್ತಿ ನಾಲ್ಕು ಪುಟ ಆ ಭಾಂಡೆ ತಿಕ್ಕುವವಳ ಮೇಲೆ ಬರೆದು ಬಂದಿದ್ದಳು. ತನಗೆ ಬರುವ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ. ಇಬ್ಬರು ಗಂಡಸರೂ ನೀರು ಲೆಕ್ಕ ಹಾಕಿದರು, ಕಟ್ಟೆಯ ಕಲ್ಲು ಲೆಕ್ಕ ಹಾಕಿದರು, ಮನುಷ್ಯರನ್ನು ಲೆಕ್ಕ ಹಾಕಲಿಲ್ಲ ಎಂದು.

"ಈ ಸಲನೂ ಫೇಲು, ಬರದಿಟ್ಕೋ!" ಎಂದು ರಸ್ತೆಯಲ್ಲೇ ಕೂಗಾಡಿದೆ.

"ಫೇಲಾದ್ರ ಮತ್ತ ಕಟ್ತೀನಿ" ಎಂದಳು.

ಸಿಟ್ಟಿನಲ್ಲಿ ಮನೆಗೆ ಬಂದು ನನ್ನ ಪ್ರತಿಯನ್ನು ತೆರೆದೆ. ಪಾಠ ಮಾಡಿ ಮಾಡಿ ಪ್ರತಿ ಪುಟದ ಅಂಚಿನಲ್ಲೂ ಪೆನ್ಸಿಲಿನ ಟಿಪ್ಪಣಿ ಬರೆದಿದ್ದೇನೆ. ಆ ಮೂರು ವಾಕ್ಯಗಳ ಪಕ್ಕ ಮಾತ್ರ ಒಂದು ಗೆರೆಯೂ ಇರಲಿಲ್ಲ. ಇಷ್ಟು ವರ್ಷ ಏನು ಓದಿದೆ ನಾನು?

ಆಗ ನೆನಪಾಯಿತು. ನಾನು ಪಿಯುಸಿಗೆ ಸೇರಿದ ವರ್ಷವೇ ಅಕ್ಕ ಪಿಯುಸಿ ಬಿಟ್ಟಿದ್ದಳು. ಸಿಂಧನೂರಿನ ಬಾಡಿಗೆ ಖೋಲಿಯಲ್ಲಿ ಇಬ್ಬರೂ ಓದುತ್ತ ಕೂತರೆ ಅಡುಗೆ ಯಾರು ಮಾಡಬೇಕು ಎಂದು ಮನೆಯಲ್ಲಿ ಹೇಳಿದ್ದರು. ಒಂದು ದಿನ ಕಾಲೇಜಿನ ಹೊಸ ಗೆಳೆಯನೊಬ್ಬ ಬಾಗಿಲಿಗೆ ಬಂದ. ಒಳಗೆ ಹಳೆಯ ಸೀರೆಯುಟ್ಟು, ಬೆವರುತ್ತ ರೊಟ್ಟಿ ಬಡಿಯುತ್ತಿದ್ದ ಅಕ್ಕನನ್ನು ನೋಡಿ ಯಾರೆಂದು ಕೇಳಿದ. ನಮ್ಮಕ್ಕ ಎನ್ನಲು ನನಗೆ ನಾಚಿಕೆಯಾಯಿತು. "ಅಡಿಗಿ ಮಾಡಾಕಿ" ಎಂದೆ. ರೊಟ್ಟಿ ಬಡಿಯುವ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು. ಆಕೆಗೆ ಕೇಳಿಸಿರಲಿಕ್ಕಿಲ್ಲ ಎಂದು ಸುಮಾರು ನಲವತ್ತು ವರ್ಷಗಳಿಂದ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ.

ಕಳೆದ ವಾರ ಫಲಿತಾಂಶ ಬಂತು. ಬೆಳಿಗ್ಗೆ ನೋಡಿದವನೇ ಅಕ್ಕನಿಗೆ ಫೋನ್ ಹಚ್ಚಿದೆ. ಆ ಕಡೆ ರೊಟ್ಟಿ ಬಡಿಯುವ ಸದ್ದು. ಹೇಳಬೇಕಾದ ಸುದ್ದಿ ಬಿಟ್ಟು ಬಾಯಿಂದ ಬೇರೇನೋ ಬಂತು.

"ಅಕ್ಕಾ, ಉಂಡೇನು?"

"ಫೇಲಾತೇನಲೇ?"

"ಯಾಕ ಹಂಗಂತಿ?"

"ಮತ್ತ ನೀ ಯಾವತ್ತರ ನಂಗ ಉಂಡೇನು ಅಂತ ಕೇಳಿದ್ದೇನು? ಏನಾರ ಕೆಟ್ಟ ಸುದ್ದಿನ ಇರಬೇಕು."

"ಪಾಸಾಗಿದಿ ಅಕ್ಕಾ. ನೀ ಬರದದ್ದು ಖರೇ ಇತ್ತು." "ಅಕ್ಕಾ, ಆವತ್ತು ಸಿಂಧನೂರ ಖೋಲಿ ಬಾಗಿಲದಾಗ ನಾ ಒಂದು ಮಾತಂದಿದ್ದೆ..."

ರೊಟ್ಟಿಯ ಸದ್ದು ನಿಂತಿತು.

"ನಿಂಗ ಕೇಳ್ಸಿತ್ತೇನಕ್ಕಾ?"

"ಅಂಗೈಯಷ್ಟು ಖೋಲಿ. ಕೇಳ್ಸದ ಏನಾಗ್ತದ?"

"ತಪ್ಪಾತಕ್ಕಾ" ಎಂದೆ. ಅಷ್ಟು ಹೇಳುವುದರಲ್ಲಿ ನಾನು ಅಳುತ್ತಿದ್ದೆ.

ಆ ಕಡೆ ಅಕ್ಕ ಮೂಗೆಳೆದುಕೊಂಡು ಗದರಿದಳು. "ಹಂಚಿನ ಮ್ಯಾಲೆ ರೊಟ್ಟಿ ಹೊತ್ತಾಕತ್ತೈತಿ, ಫೋನ್ ಇಡು. ಕರಿ ನಿಲುವಂಗಿ ಹಾಕ್ಕೊಂಡು ಫೋಟೊ ತಗಸಾಕ ಸಿಂಧನೂರಿಗೆ ಹೋಗೋಣು. ನೀನೂ ಬಾ. ಫೋಟೊ ಹೊಡಿಯಾಂವ ಈಕಿ ಯಾರು ಅಂತ ಕೇಳಿದ್ರ, ಹೇಳಾಕ ನೀ ಬೇಕಲ್ಲ."