ಟಾಕಿ ತುಂಬೈತ್ರಿ!

ಕಂಪ್ಯೂಟರ್ ಇರುವ ಕಡೆ ತಮಾಷೆ ತಾನಾಗಿಯೇ ನಡೆಯುತ್ತದೆ, ಯಾರೂ ಕರೆಯಬೇಕಾಗಿಲ್ಲ. ಹುಬ್ಬಳ್ಳಿಯ ಒಂದು ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ನಾನು ಇದ್ದಷ್ಟು ಕಾಲವೂ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇತ್ತು. ನನ್ನ ತಕರಾರು ಒಂದೇ. ಪ್ರತಿ ಸಲ ನಗೆಗೀಡಾಗುವವನು ನಾನು, ಹೊಗಳಿಸಿಕೊಳ್ಳುವವರು ನನ್ನ ಬಾಜೂ ಟೇಬಲ್ಲಿನವರು.

ಅವರ ಮನೆ ಕೇಶ್ವಾಪುರದಲ್ಲಿತ್ತು, ಆದ್ದರಿಂದ ಕೇಶ್ವಾಪುರದವರು ಎಂದೇ ಕರೆಯುತ್ತೇನೆ. ನನ್ನದು ಹಳೇ ಹುಬ್ಬಳ್ಳಿ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಒಂದೇ ಹುದ್ದೆ, ಒಂದೇ ಪಗಾರ, ಒಂದೇ ನಮೂನೆಯ ಕುರ್ಚಿ. ಆದರೆ ಅವರ ಕುರ್ಚಿ ಕಿರುಗುಡುತ್ತಿರಲಿಲ್ಲ, ನನ್ನದು ಕಿರುಗುಡುತ್ತಿತ್ತು. ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡದಿದ್ದರೆ ಮುಂದಿನದರ ರುಚಿ ಹತ್ತುವುದಿಲ್ಲ.

ಕಾಲುಚೀಲ

ತೊಂಬತ್ತರ ದಶಕದ ಮಾತು. ಆಗ ಕಂಪ್ಯೂಟರ್ ಕೋಣೆಗೆ ದೇವರ ಮನೆಗಿಂತ ಹೆಚ್ಚು ಮಡಿ. ಧೂಳು ಹೊಕ್ಕರೆ ಯಂತ್ರ ಕೆಡುತ್ತದೆಂದು ಎಲ್ಲರೂ ಬೂಟು, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರಬೇಕು. ಒಂದು ದಿನ ಆಡಳಿತ ಮಂಡಳಿಯವರು ಕಂಪ್ಯೂಟರ್ ನೋಡಲು ಬಂದರು. ಬೂಟು ಬಿಚ್ಚಿದ ಮೇಲೆ ಗೊತ್ತಾಯಿತು, ನನ್ನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಬಂದು ಎಲ್ಲರನ್ನೂ ನೋಡುತ್ತಿತ್ತು. ಕೇಶ್ವಾಪುರದವರ ಕಾಲುಚೀಲ ಬೆಳ್ಳಗೆ, ಹೊಚ್ಚ ಹೊಸದು.

ನಮ್ಮ ಪ್ರಿನ್ಸಿಪಾಲ ಸಾಹೇಬರು ಯಂತ್ರ ಬಿಟ್ಟು ಕಾಲು ನೋಡಿದರು. "ಕಂಪ್ಯೂಟರ್ ಕೆಲಸ ಅಂದ್ರ ಹಿಂಗ ಸ್ವಚ್ಛ ಇರಬೇಕು ನೋಡ್ರಿ," ಎಂದು ಮಂಡಳಿಯವರಿಗೆ ಕೇಶ್ವಾಪುರದವರನ್ನು ತೋರಿಸಿದರು.

ರಾತ್ರಿ ನನಗೆ ಊಟ ಸೇರಲಿಲ್ಲ. ಮರುದಿನವೇ ದುರ್ಗದ ಬೈಲಿನ ಪೇಟೆಗೆ ಹೋಗಿ ಅವರದಕ್ಕಿಂತ ಬಿಳಿಯ ಕಾಲುಚೀಲ ತಂದೆ, ಒಂದಲ್ಲ, ಅರ್ಧ ಡಜನ್. ಅದೇ ವಾರ ನೋಟಿಸು ಬಂತು: ಇನ್ನು ಮುಂದೆ ಎಲ್ಲರೂ ಬೂಟು ಹಾಕಿಕೊಂಡೇ ಒಳಗೆ ಬರತಕ್ಕದ್ದು.

ಕಾಯಿ ಎಷ್ಟು?

ಹೀಗೇ ಹೊಟ್ಟೆ ಉರಿಸಿಕೊಳ್ಳುತ್ತ ಹತ್ತು ಹನ್ನೆರಡು ವರ್ಷ ಕಳೆದೆ. ಆಮೇಲೆ ಕಾಲೇಜಿಗೆ ಒಂದು ದೊಡ್ಡ ಸರ್ವರ್ ಬಂತು. ಅದರ ವಿಶೇಷವೇನೆಂದರೆ, ಯಂತ್ರ ಒಂದೇ ಆದರೂ ಅದರೊಳಗೆ ಬೇರೆ ಬೇರೆ ಯಂತ್ರಗಳಿದ್ದಂತೆ ನಡೆಸಬಹುದು. ವಿಭಾಗಕ್ಕೊಂದು ಯಂತ್ರ, ಆದರೆ ಒಂದೂ ಕಣ್ಣಿಗೆ ಕಾಣುವುದಿಲ್ಲ. ಕಣ್ಣಿಗೆ ಕಾಣುವ ಸಂಗತಿ ಬೇರೆಯೇ ಇತ್ತು. ಸರ್ವರಿಗೆ ಸೆಕೆ ಆಗಬಾರದೆಂದು ಅದರ ಕೋಣೆಗೆ ಎಸಿ ಹಾಕಿಸಿದರು. ಇಡೀ ಕಾಲೇಜಿನಲ್ಲಿ ಅದೊಂದೇ ಎಸಿ, ಸಾಹೇಬರಿಗೂ ಇರಲಿಲ್ಲ.

"ಬ್ಯಾಸಗಿಯೊಳಗ ಇನ್ಸ್‌ಪೆಕ್ಷನ್ ಕಮಿಟಿ ಬರತೈತಿ," ಎಂದರು ಸಾಹೇಬರು. "ಅದು ಮುಗದ ಮ್ಯಾಲೆ ನಿಮ್ಮಿಬ್ಬರೊಳಗ ಒಬ್ಬರನ್ನ ಇನ್‌ಚಾರ್ಜ್ ಮಾಡ್ತೇನಿ. ಈ ಕೋಣಿ ಚಾವಿ ಅವರ ಕಡೆ."

ಹುಬ್ಬಳ್ಳಿಯ ಏಪ್ರಿಲ್ ಬಿಸಿಲು ಕಂಡವರಿಗೆ ಆ ಚಾವಿಯ ಬೆಲೆ ಗೊತ್ತು. ಆ ಚಾವಿ ನನಗೇ ಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅವರಿಗೆ ಸಿಗಬಾರದಾಗಿತ್ತು.

ಅಷ್ಟರಲ್ಲಿ ಖಂಡೇ ಪೂಜೆ, ಅಂದರೆ ಆಯುಧಪೂಜೆ ಬಂತು. ನಮ್ಮ ಶಿಪಾಯಿ ಕಾಕಾ ಊದಿನಕಡ್ಡಿ ಹಿಡಿದುಕೊಂಡು ಬಂದು ಕೇಳಿದ, "ಸರ್, ಇದರೊಳಗ ಭಾಳ ಮಷೀನ್ ಅದಾವಂತಲ್ರಿ. ಕಾಯಿ ಎಷ್ಟು ಒಡೀಬೇಕು?"

"ಮಷೀನ್ ಒಂದ, ಕಾಯಿ ಒಂದ," ಎಂದೆ ನಾನು.

"ಒಳಗಿನವು ಏನು ಪಾಪ ಮಾಡ್ಯಾವ ಕಾಕಾ?" ಎಂದರು ಕೇಶ್ವಾಪುರದವರು. "ವಿಭಾಗಕ್ಕ ಒಂದರಂಗ ಒಡಸ್ರಿ."

ಒಬ್ಬೊಬ್ಬ ಮುಖ್ಯಸ್ಥರೂ ಬಂದು ತಮ್ಮ ತಮ್ಮ ಕಾಣದ ಯಂತ್ರಕ್ಕೆ ಕೈ ಮುಗಿದು ಕಾಯಿ ಒಡೆದರು. ಎಲ್ಲರಿಗೂ ಎಂಥ ಖುಷಿ! ಕಾಯಿಯ ನೀರೆಲ್ಲ ಕೂಡಿ ಸರ್ವರಿನ ಬುಡಕ್ಕೆ ಹೊರಟಿತು. ಕೇಶ್ವಾಪುರದವರು ಕೊಬ್ಬರಿ ಹಂಚುತ್ತಿದ್ದರು, ನಾನು ಮಂಡಿಯೂರಿ ನೆಲ ಒರೆಸುತ್ತಿದ್ದೆ. ಸಾಹೇಬರು ನನ್ನನ್ನು ನೋಡಿ, "ಭಕ್ತಿ ಅಂದ್ರ ಇದು," ಎಂದರು.

ಪೂಲ್ ಅಂದ್ರ ಏನ್ರಿ?

ಪೂಜೆ ಮುಗಿದ ಮೇಲೆ ಕೆಲಸ. ಕಾಣದ ಯಂತ್ರಗಳಿಗೆಲ್ಲ ಜಾಗ ಹಂಚಬೇಕು. ಅದಕ್ಕೆ ಮೊದಲು ಸ್ಟೋರೇಜ್ ಪೂಲ್ ಮಾಡಬೇಕು, ಆಮೇಲೆ ಅದರಲ್ಲಿ ವಾಲ್ಯೂಮ್ ಮಾಡಬೇಕು. ಸಾಹೇಬರು ರಸಾಯನಶಾಸ್ತ್ರದವರು. "ಪೂಲ್ ಅಂದ್ರ ಏನ್ರಿ? ಈಸೂದೇನು?" ಎಂದು ಕೇಳಿದರು.

ಇದು ನನ್ನ ಅವಕಾಶ. ಹಿಂದಿನ ದಿನವೇ ಓದಿಕೊಂಡು ಬಂದಿದ್ದೆ. "ಸರ್, ಭೌತಿಕವಾಗಿ ಬೇರೆ ಬೇರೆ ಇರುವ ಡಿಸ್ಕ್‌ಗಳನ್ನು ತಾರ್ಕಿಕವಾಗಿ ಏಕೀಕರಿಸಿ..." ಎಂದು ಶುರು ಮಾಡಿದೆ. ಬೋರ್ಡಿನ ಮೇಲೆ ಚೌಕ ಬರೆದೆ, ಬಾಣ ಬರೆದೆ. ಸಾಹೇಬರು ಆಕಳಿಸಿದರು.

ಕೇಶ್ವಾಪುರದವರು ಕೂತಲ್ಲಿಂದಲೇ ಹೇಳಿದರು, "ಟಾಕಿ ರೀ ಸರ್. ಎಂಟು ದಿನಕ್ಕೊಮ್ಮೆ ನೀರು ಬಂದಾಗ ಮನ್ಯಾಗ ಟಾಕಿ ತುಂಬಸ್ತೇವಲ್ರಿ, ಹಂಗ. ಇದ್ದ ಡಿಸ್ಕ್ ಎಲ್ಲಾ ಕೂಡಿಸಿದ್ರ ಒಂದು ಟಾಕಿ, ಅದು ಪೂಲ್. ಅದರಾಗಿಂದ ಒಂದೊಂದು ಮಷೀನಿಗೆ ಒಂದೊಂದು ಕೊಡ, ಅದು ವಾಲ್ಯೂಮ್."

ಸಾಹೇಬರು ಎದ್ದೇ ನಿಂತರು. "ಇಷ್ಟ ಏನ್ರಿ! ಮತ್ತ ಇವರು ಅರ್ಧಾ ತಾಸು ಏನು ಹೇಳಿದ್ರು?"

ಹುಬ್ಬಳ್ಳಿಯವರಿಗೆ ನೀರಿನ ಮಾತು ಹೇಳಿದರೆ ತಿಳಿಯದೇ ಇರುತ್ತದೆಯೇ? ಇಷ್ಟು ಸುಲಭದ ಮಾತು ನನಗೆ ಯಾಕೆ ಹೊಳೆಯಲಿಲ್ಲ ಎಂದು ಹೊಟ್ಟೆಯೊಳಗೆ ಮಿರ್ಚಿ ಅರೆದಂತಾಯಿತು. ಅಂದಿನಿಂದ ಕಾಲೇಜಿನಲ್ಲಿ ಸರ್ವರ್ ಎಂಬ ಶಬ್ದವೇ ಹೋಯಿತು. ಯಾರೂ ಅಪ್ಪಿತಪ್ಪಿ ಆರಿಸಬಾರದೆಂದು ಕೇಶ್ವಾಪುರದವರು ಅದರ ಮೇನ್ ಸ್ವಿಚ್ಚಿನ ಮೇಲೂ ದೊಡ್ಡ ಅಕ್ಷರದಲ್ಲಿ 'ಟಾಕಿ' ಎಂದು ಬರೆದು ಅಂಟಿಸಿದರು. ನಾನೊಬ್ಬ ಮಾತ್ರ ಹಟಕ್ಕೆ ಬಿದ್ದು ಸರ್ವರ್ ಎನ್ನುತ್ತಿದ್ದೆ. "ಕಾಕಾ, ಸರ್ವರ್ ಯಾಕೋ ನಿಧಾನ ಆಗೈತಿ," ಎಂದರೆ ಕಾಕಾ ಕೇಳಿದ, "ಯಾವ ಹೋಟೆಲ್ಲಿನವ ರೀ?"

ಸಣ್ಣ ದನಿಯ ಅಕ್ಕಾರು

ಯಾರಿಗೆ ಎಷ್ಟು ಜಾಗ ಬೇಕೆಂದು ಕೇಳಿಕೊಂಡು ಬರುವ ಕೆಲಸ ನನಗೆ ಬಂತು. ಮೊದಲು ಗ್ರಂಥಾಲಯಕ್ಕೆ ಹೋದೆ. ಅಲ್ಲಿನ ಅಕ್ಕಾರು ಭಾಳ ಶಿಸ್ತಿನವರು. "ಅಕ್ಕಾರ, ನಿಮ್ಮ ವಾಲ್ಯೂಮ್ ಎಷ್ಟಿರಬೇಕ್ರಿ?" ಎಂದು ಕೇಳಿದೆ.

ಅವರ ಮುಖ ಕೆಂಪಗಾಯಿತು. "ಇಷ್ಟು ವರ್ಷಾತು ಇಲ್ಲಿ ಕುಂತು. ನನ್ನ ದನಿ ಜೋರು ಐತಿ ಅಂತ ಒಬ್ಬರೂ ತಕರಾರು ಮಾಡಿಲ್ಲ. ಸಾಹೇಬ್ರು ಕಳಸ್ಯಾರೇನು ನಿಮ್ಮನ್ನ?" ಎಂದು ಇಡೀ ಗ್ರಂಥಾಲಯಕ್ಕೆ ಕೇಳಿಸುವಂತೆ ಕೂಗಿದರು.

ಮಧ್ಯಾಹ್ನ ಕೇಶ್ವಾಪುರದವರು ಹೋಗಿ, "ಅಕ್ಕಾರ, ನಮ್ಮ ಟಾಕ್ಯಾಗಿಂದ ನಿಮಗ ಎಷ್ಟು ಕೊಡ ಇಡೂಣ್ರಿ?" ಎಂದು ಕೇಳಿದರಂತೆ. ಅಕ್ಕಾರು ಅವರಿಗೆ ತಮ್ಮ ಡಬ್ಬಿಯಿಂದ ಶೇಂಗಾ ಹೋಳಿಗೆ ಕೊಟ್ಟು ಕಳಿಸಿದರು. ಅದನ್ನು ಅವರು ನನ್ನ ಟೇಬಲ್ಲಿನ ಮುಂದೆಯೇ ನಿಂತು ತಿಂದರು.

ಕೊಟ್ಟೇನಿ ಅಂತ ಬರಕೊಳ್ರಿ

ನಾನು ಇದ್ದ ಜಾಗವನ್ನು ಸರಿಯಾಗಿ ಪಾಲು ಮಾಡಿ ಒಂದು ಹಂಚಿಕೆ ತಯಾರಿಸಿದೆ. ಮುಖ್ಯಸ್ಥರೆಲ್ಲ ಮುಖ ಸಿಂಡರಿಸಿದರು. "ಏನ್ರಿ ಇದು, ಕೊಡ ಕೇಳಿದ್ರ ತಂಬಿಗಿ ಕೊಡ್ತೀರಿ!" ಎಂದರು ಮೆಕ್ಯಾನಿಕಲ್ ವಿಭಾಗದವರು.

ಕೇಶ್ವಾಪುರದವರು ನನ್ನ ಹಾಳೆ ಪಕ್ಕಕ್ಕೆ ಸರಿಸಿ, ಎಲ್ಲರಿಗೂ ಅವರು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟರು. ಕೂಡಿಸಿ ನೋಡಿದರೆ ಟಾಕಿಯಲ್ಲಿ ಇದ್ದದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

"ಇಲ್ಲದ್ದು ಹೆಂಗ ಕೊಡ್ತೀರಿ?" ಎಂದೆ.

"ಕೊಟ್ಟೇನಿ ಅಂತ ಬರಕೊಳ್ರಿ ಅನ್ನೂದು. ಬೇಕಾದಾಗ ಅಷ್ಟಷ್ಟ ಬಿಡೂದು," ಎಂದು ನಕ್ಕರು. "ಎಲ್ಲಾರೂ ಒಮ್ಮೆಲೆ ತುಂಬ್ತಾರೇನ್ರಿ?"

ಕಂಪ್ಯೂಟರಿನವರಲ್ಲಿ ಇದೂ ಒಂದು ಒಪ್ಪಿತ ಪದ್ಧತಿಯೇ. ಬೇರೆ ಊರಲ್ಲಾದರೆ ನಡೆಯುತ್ತಿತ್ತು. ಆದರೆ ಇವರು ಅದನ್ನು ಟಾಕಿ, ಕೊಡ ಎಂದು ಹುಬ್ಬಳ್ಳಿಯವರಿಗೆ ಹೇಳಿಬಿಟ್ಟಿದ್ದರಲ್ಲ! ನೀರು ಬಂದ ದಿನ ನಾವು ಚಮಚ ಕೂಡ ಖಾಲಿ ಬಿಡುವವರಲ್ಲ. ಮೆಕ್ಯಾನಿಕಲ್‌ನವರ ಕೋಣೆಗೆ ಹೋದಾಗ ಅವರು ತಮ್ಮ ಮಗಳ ಮದುವೆಯ ವಿಡಿಯೊ ತುಂಬಿಸುತ್ತಿದ್ದರು. ತುಂಬಿದ್ದನ್ನೇ ಮತ್ತೆ ತುಂಬಿಸುತ್ತಿದ್ದರು.

"ಒಂದ ಮದವಿ ಎಷ್ಟು ಸಲ ಹಾಕ್ತೀರಿ ಸರ್?"

"ಕೊಡ ಖಾಲಿ ಇಡಬಾರದ್ರಿ. ನಾಳೆ ಬರತೈತೋ ಇಲ್ಲೋ!"

ಎಲ್ಲ ವಿಭಾಗಗಳಲ್ಲೂ ಇದೇ ನಡೆದಿತ್ತು. ಟಾಕಿ ತುಳುಕುವ ದಿನ ದೂರವಿಲ್ಲ ಎಂದು ಗೊತ್ತಾಯಿತು. ಕೇಶ್ವಾಪುರದವರಿಗೆ ಹೇಳಬೇಕೆಂದು ಅವರ ಟೇಬಲ್ಲಿನವರೆಗೆ ಹೋದೆ. ಅವರು ಹೋಳಿಗೆ ತಿನ್ನುತ್ತಿದ್ದರು, ಎರಡನೇ ಡಬ್ಬಿ. ನಾನು ಸುಮ್ಮನೆ ವಾಪಸು ಬಂದೆ.

ಕಮಿಟಿಯ ಮುಂದೆ

ಏಪ್ರಿಲ್ ಬಂತು, ಕಮಿಟಿಯೂ ಬಂತು. ಸಾಹೇಬರ ಕೋಣೆಯಲ್ಲಿ ಪರದೆ ಕಟ್ಟಿ ಕೇಶ್ವಾಪುರದವರು ಕಾಣದ ಯಂತ್ರಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು. ನಾನು ನಮ್ಮ ವಿಭಾಗದಲ್ಲಿ ಕೂತು ಪೂಲಿನ ಮೇಲೇ ಕಣ್ಣಿಟ್ಟಿದ್ದೆ. ಅದು ಪೂರ್ತಿ ತುಂಬಿತು. ಬರೆಯಲು ಜಾಗವಿಲ್ಲದೆ ಯಂತ್ರಗಳು ಒಂದರ ಹಿಂದೆ ಒಂದು ಇದ್ದಲ್ಲೇ ನಿಂತವು.

ಮಗ ಪಾಸಾದಾಗ ಕೂಡ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಎಲ್ಲರ ಮುಂದೆ ಅವರ ಬಣ್ಣ ಬಯಲಾಗಲಿ ಎಂದು, ಸರ್ವರ್ ಎನ್ನುವ ಹಟ ಬಿಟ್ಟು ಅವರದೇ ಶಬ್ದದಲ್ಲಿ ಕಾರಿಡಾರಿನ ಉದ್ದಕ್ಕೂ ಕೂಗುತ್ತ ಓಡಿದೆ: "ಸಾಹೇಬ್ರ! ಟಾಕಿ ತುಂಬೈತ್ರಿ! ಟಾಕಿ ತುಂಬೈತಿ!"

ಹುಬ್ಬಳ್ಳಿಯಲ್ಲಿ ಈ ಕೂಗು ಕೇಳಿದರೆ ಯಾರೂ ಯೋಚಿಸುತ್ತ ನಿಲ್ಲುವುದಿಲ್ಲ, ಸ್ವಿಚ್ ಆರಿಸಲು ಓಡುತ್ತಾರೆ. ಕಾಕಾನೂ ಓಡಿದ. ಓಡಿದವನು 'ಟಾಕಿ' ಎಂದು ದೊಡ್ಡದಾಗಿ ಬರೆದ ಸ್ವಿಚ್ಚನ್ನೇ ಆರಿಸಿದ.

ನಾನು ಸಾಹೇಬರ ಕೋಣೆ ಮುಟ್ಟುವಷ್ಟರಲ್ಲಿ ಪರದೆಯ ಮೇಲೆ ಏನೂ ಇರಲಿಲ್ಲ. ಕೇಶ್ವಾಪುರದವರು ಬೆವರು ಒರೆಸಿಕೊಂಡು ಕಮಿಟಿಯವರಿಗೆ, "ಆ ಕಡೆ ಲೈನಿಂದು ಕರೆಂಟ್ ಹೋತು ನೋಡ್ರಿ. ಅಷ್ಟರೊಳಗ ಊಟಾ ಮುಗಿಸಿ ಬರೂಣಲ್ಲ?" ಎಂದರು. ಕಮಿಟಿಯವರಿಗೂ ಹಸಿವಾಗಿತ್ತು. ಅವರು ಹೋಳಿಗೆ, ಬದನೆಕಾಯಿ ಎಣಗಾಯಿ ಮುಗಿಸಿ ಬರುವುದರೊಳಗೆ ಇವರು ಸ್ವಿಚ್ ಮತ್ತೆ ಹಾಕಿ, ಮದುವೆಗಳನ್ನೆಲ್ಲ ಅಳಿಸಿ ಟಾಕಿ ಖಾಲಿ ಮಾಡಿಟ್ಟಿದ್ದರು. ನಾನು ಸುಮ್ಮನಿದ್ದಿದ್ದರೆ ಅವರು ಸಿಕ್ಕಿಬೀಳುತ್ತಿದ್ದರು.

ಕಮಿಟಿಯ ಹಿರಿಯರು ಹೋಗುವಾಗ ನನ್ನ ಬೆನ್ನು ತಟ್ಟಿದರು. "ಒಂದು ಹನಿ ನೀರು ಹಾಳಾಗಬಾರದು ಅಂತ ಓಡಿ ಬಂದ್ರಲ್ರಿ, ಇಂಥಾವ್ರು ಬೇಕು."

ಚಾವಿ

ಸಂಜೆ ಸಾಹೇಬರು ನನ್ನನ್ನು ಕರೆದರು. "ಇಷ್ಟು ದಿನ ನಿಮ್ಮನ್ನ ಗುರುತಿಸಲಿಲ್ಲ. ಕಮಿಟಿಯವರ ಗುರುತಿಸಬೇಕಾತು. ನಾಳಿಂದ ಟಾಕಿಗೆ ನೀವ ಇನ್‌ಚಾರ್ಜ್," ಎಂದರು.

ನನ್ನ ಕಣ್ಣು ತುಂಬಿ ಬಂತು. ಕೇಶ್ವಾಪುರದವರ ಟೇಬಲ್ಲಿನ ಮುಂದೆ ಬೇಕೆಂದೇ ಎರಡು ಸಲ ಓಡಾಡಿದೆ. ಧಾರವಾಡ ಪೇಢೆ ಕಟ್ಟಿಸಿಕೊಂಡು ಮನೆಗೆ ಹೋಗಿ ಓಣಿಗೆಲ್ಲ ಹಂಚಿದೆ. ನನ್ನಾಕೆ ಟ್ರಂಕಿನಿಂದ ಸ್ವೆಟರ್ ತೆಗೆದಳು. "ದಿನಾ ಎಸಿಯೊಳಗ ಕುಂತ್ರ ನೆಗಡಿ ಬರತೈತ್ರಿ. ಹಾಕ್ಕೊಂಡ ಹೋಗ್ರಿ," ಎಂದಳು.

ಮರುದಿನ ಏಪ್ರಿಲ್ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಕಾಲೇಜಿಗೆ ಹೋದೆ. ಕಾಕಾ ಚಾವಿ ತಂದುಕೊಟ್ಟ. ಎಸಿ ಕೋಣೆಯ ಬಾಗಿಲಿಗೆ ಹಾಕಿ ತಿರುವಿದೆ, ತಿರುಗಲಿಲ್ಲ.

"ಕಾಕಾ, ಚಾವಿ ಹತ್ತವಲ್ದು."

"ಅದು ಆ ಬಾಗಲದ್ದಲ್ರಿ ಸರ್," ಎಂದು ಕಾಕಾ ಬೆರಳು ಮೇಲೆತ್ತಿ ಮಾಳಿಗೆ ತೋರಿಸಿದ. "ಮ್ಯಾಲಿನ ಟಾಕೀದು. ನೀರಿಂದು."

ಎಸಿ ಕೋಣೆಯ ಚಾವಿ ಕೇಶ್ವಾಪುರದವರ ಜೇಬಿನಲ್ಲಿತ್ತು. ಅವರು ಒಳಗಿನಿಂದ ಗಾಜಿನಲ್ಲಿ ನನ್ನ ಸ್ವೆಟರ್ ನೋಡಿದರು. ಕೈ ಬೀಸಿ ನಕ್ಕರು, ನನಗೆ ಇನ್ನಷ್ಟು ಉರಿಯಿತು.

ಆ ಬೇಸಿಗೆಯೆಲ್ಲ ನಾನು ಮಾಳಿಗೆಯ ಮೇಲೆ ಕಳೆದೆ. ನೀರು ಬಿಡುವುದು, ಬಂದ್ ಮಾಡುವುದು. ಒಂದು ದಿನ ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುತ್ತ ಹತ್ತಿ ಬರುವುದು ಕೇಳಿಸಿತು. ನೋಡಿದರೆ ಕೇಶ್ವಾಪುರದವರು. ಎರಡೂ ಕೈಯಲ್ಲಿ ಖಾಲಿ ಕೊಡ.

"ಸರ್, ಮನ್ಯಾಗ ಬೀಗರು ಬಂದಾರ್ರಿ," ಎಂದರು. ಇಷ್ಟು ವರ್ಷಗಳಲ್ಲಿ ಅವರು ನನಗೆ ಸರ್ ಎಂದದ್ದು ಅದೇ ಮೊದಲು. "ನಮ್ಮ ಕಡೆ ಪೈಪ್ ಒಡದು ನೀರ ಬಂದಿಲ್ಲ. ಕುಡಿಯಾಕ ಹನಿ ನೀರಿಲ್ಲ. ಎರಡು ಕೊಡ ತುಂಬಿಕೊಡ್ರಿ, ಪುಣ್ಯಾ ಬರತೈತಿ."

ನಾನು ನಲ್ಲಿಯ ಮೇಲೆ ಕೈ ಇಟ್ಟುಕೊಂಡು ಅವರನ್ನೂ, ಅವರ ಕೊಡಗಳನ್ನೂ ನಿಧಾನವಾಗಿ ನೋಡಿದೆ. ಹೊಟ್ಟೆ ತಣ್ಣಗಾಯಿತು. ಎಸಿಯೊಳಗೆ ಕೂತಿದ್ದರೂ ಅಷ್ಟು ತಣ್ಣಗಾಗುತ್ತಿರಲಿಲ್ಲ.

"ಎರಡ ಯಾಕ್ರಿ?" ಎಂದೆ. "ಹತ್ತು ಕೊಡ ಕೊಟ್ಟೇನಿ ಅಂತ ಬರಕೊಳ್ರಿ. ಬೇಕಾದಾಗ ಅಷ್ಟಷ್ಟ ಬಿಡ್ತೇನಿ."