ಹಗ್ಗ ಕಟ್ಟಿದ ಕಲ್ಲು

ನಮ್ಮ ದೊಡ್ಡಮ್ಮನ ಜೊತೆ ಇರುವವರಿಗೆ ನಗುವಿಗೆ ಬರವಿಲ್ಲ. ನಕ್ಕಿದ್ದು ಅವರಿಗೆ ಕಾಣಬಾರದು, ಅಷ್ಟೆ.

೧. ಎಣ್ಣೆ

ನನ್ನ ಆಫೀಸು ಇಂಗ್ಲಿಷರ ನಾಡಿನ ಅಕ್ಸ್‌ಬ್ರಿಡ್ಜ್‌ನಲ್ಲಿ. ವಾಸ ವೆಂಬ್ಲಿಯಲ್ಲಿ, ಕುಂದಾಪುರದಿಂದ ಬಂದು ನೆಲೆಸಿದ ದೊಡ್ಡಮ್ಮನ ಫ್ಲ್ಯಾಟಿನಲ್ಲಿ. ನನ್ನ ಕೋಣೆಗೆ ಚಿಲಕವಿಲ್ಲ, ದೊಡ್ಡಮ್ಮನಿಗೆ ಬಾಗಿಲು ತಟ್ಟುವ ಅಭ್ಯಾಸವಿಲ್ಲ. ಒಮ್ಮೆ ನಾನು ವಿಡಿಯೊ ಮೀಟಿಂಗಿನಲ್ಲಿದ್ದಾಗ ಸೀದಾ ಒಳಬಂದು ತಲೆಗೆ ಎಣ್ಣೆ ಹಚ್ಚಿದರು. "ತಟ್ಟಿ ಬನ್ನಿ" ಎಂದು ಹೇಳಿಯೇ ತೀರಬೇಕೆಂದು ಅಂದೇ ನಿರ್ಧರಿಸಿದೆ. ಆದರೆ ಬಾಯೇ ಬರಲಿಲ್ಲ. ಮ್ಯಾನೇಜರ್ ಮಾತ್ರ ಅದು ಯಾವ ಎಣ್ಣೆ ಎಂದು ವಿಚಾರಿಸಿದರು.

೨. ಯೋಧನ ಮನೆ

ರಜೆಯಲ್ಲಿ ಇಬ್ಬರೂ ಜಪಾನಿಗೆ ಹೋದೆವು. ಹಿಂದಿನ ಕಾಲದ ಸಮುರಾಯ್ ಯೋಧನೊಬ್ಬನ ಮನೆ ನೋಡುವ ಆಸೆ ನನ್ನದು. ಊರು ಬಿಟ್ಟು ಬಂದಾಗಲಾದರೂ ಬಾಗಿಲು ತಟ್ಟುವ ಮಾತು ಹೇಳಿಬಿಡಬೇಕೆಂಬ ಹಟವೂ ಇತ್ತು. ಹೊಸ್ತಿಲಲ್ಲೇ ಚಪ್ಪಲಿ ಬಿಡಿಸಿದ್ದು ದೊಡ್ಡಮ್ಮನಿಗೆ ಬಹಳ ಹಿಡಿಸಿತು. ಬೂಟು ಹಾಕಿಕೊಂಡೇ ಒಳಬರುವ ನಮ್ಮ ಬಾಯ್ಲರ್ ರಿಪೇರಿಯವನನ್ನು ಇಲ್ಲಿಗೆ ಟ್ರೇನಿಂಗಿಗೆ ಕಳಿಸಬೇಕು ಅಂದರು. ಒಳಗೆಲ್ಲ ಕಾಗದದ ಜಾರುಬಾಗಿಲು. ನಾನು ಧೈರ್ಯ ಮಾಡಿ, "ದೊಡ್ಡಮ್ಮ, ನನ್ನ ಕೋಣೆ..." ಅನ್ನುವಷ್ಟರಲ್ಲಿ ಅವರು ಬಾಗಿಲು ಸವರಿ ಹೇಳಿದರು:

"ಕಂಡ್ಯಾ, ಕತ್ತಿ ಹಿಡಿದವನ ಮನೆಗೇ ಚಿಲಕ ಇಲ್ಲ."

೩. ತೋಟ

ಆ ಮನೆಯ ತೋಟದ ಕಾಲುದಾರಿಯ ನಡುವೆ ತೆಂಗಿನಕಾಯಿ ಗಾತ್ರದ ಕಲ್ಲು, ಅದಕ್ಕೆ ಕಪ್ಪು ಹಗ್ಗದ ಕಟ್ಟು. ನಮ್ಮ ಕಡೆ ಅಂಥ ಕಲ್ಲಿಗೆ ಕೈಮುಗಿಯದೆ ದಾಟುವವರುಂಟೇ? ದೊಡ್ಡಮ್ಮ ಉದುರಿದ ಹೂವೊಂದನ್ನು ಅದರ ತಲೆಗಿಟ್ಟು, ಕೈಮುಗಿದು, ಸುತ್ತು ಬಂದು ಆಚೆ ನಡೆದರು. ಮೇಲ್ವಿಚಾರಕಿ ಓಡಿಬಂದು, ಇದು ದೇವರಲ್ಲ, ಮುಂದೆ ಬರಬೇಡಿ ಅನ್ನುವ ಗುರುತು, ಬಾಯಿಬಿಟ್ಟು ಹೇಳಲು ಸಂಕೋಚವಾಗಿ ಕಲ್ಲಿಡುತ್ತೇವೆ ಎಂದು ಮೆಲ್ಲಗಿನ ಇಂಗ್ಲಿಷಿನಲ್ಲಿ ವಿವರಿಸಿದರು. ದೊಡ್ಡಮ್ಮ "ಪಾಪ" ಅಂದರು. ನನಗೆ ಕಳೆದುಹೋದ ನೆಂಟರು ಸಿಕ್ಕಂತಾಯಿತು.

೪. ನನ್ನ ಬಾಗಿಲು

ವೆಂಬ್ಲಿಗೆ ಮರಳಿದ್ದೇ ಒಂದು ಕಲ್ಲು ತಂದೆ, ಕಪ್ಪು ಶೂ ಲೇಸ್ ಕಟ್ಟಿದೆ, ನನ್ನ ಬಾಗಿಲ ಮುಂದಿಟ್ಟು ನಿಶ್ಚಿಂತೆಯಿಂದ ಮಲಗಿದೆ. ಬೆಳಿಗ್ಗೆ ಬಾಗಿಲು ತೆರೆಯಿತು. ದೊಡ್ಡಮ್ಮನ ಕೈಯಲ್ಲಿ ಕಲ್ಲು, ಕಲ್ಲಿಗೆ ಕುಂಕುಮ, ಮೇಲೊಂದು ಸೇವಂತಿಗೆ. ಕಾಲು ತಾಗೀತು ಎಂದು ಅದನ್ನು ನನ್ನ ಲ್ಯಾಪ್‌ಟಾಪ್ ಪಕ್ಕ ಸ್ಥಾಪಿಸಿದರು.

"ಅದು ದೇವರಲ್ಲ ಅಂತ ಅವರು ಹೇಳಿದ್ರಲ್ಲ?"

"ಅಲ್ಲಿಯದ್ದು ದೇವರಲ್ಲ. ಇದು ನಮ್ಮ ಮನೆದು."

ಇನ್ನು ದಾರಿಯೇ ಇರಲಿಲ್ಲ. ಕಣ್ಣುಮುಚ್ಚಿ ಒಂದೇ ಉಸಿರಿಗೆ, "ದೊಡ್ಡಮ್ಮ, ಇನ್ನು ಮೇಲೆ ಬಾಗಿಲು ತಟ್ಟಿ ಬನ್ನಿ," ಅಂದೆ.

ಅವರು ನನ್ನನ್ನೊಮ್ಮೆ, ಕಲ್ಲನ್ನೊಮ್ಮೆ ನೋಡಿದರು. "ಇಷ್ಟು ಹೇಳ್ಲಿಕ್ಕೆ ಜಪಾನಿಗೆ ಹೋಗ್ಬೇಕಿತ್ತಾ ಮಾರಾಯ್ತಿ?"

ಅಂದಿನಿಂದ ದೊಡ್ಡಮ್ಮ ಒಂದು ದಿನವೂ ತಪ್ಪದೆ ಬಾಗಿಲು ತಟ್ಟುತ್ತಾರೆ, ಒಳಗೆ ಬಂದ ಮೇಲೆ.