ಹಳದಿ ದೀಪ, ಕೆಂಪು ಚೀಟಿ

ಡಾಕ್ಟರಿಗೆ ನೆಗಡಿಯಾದರೆ ಯಾರೂ ನಗುವುದಿಲ್ಲ, ಪಾಪ ಎನ್ನುತ್ತಾರೆ. ಗೇರು ತಪಾಸಣೆ ಮಾಡುವವನ ಕಾರಿನಲ್ಲಿ ಗೇರ್‌ಬಾಕ್ಸೇ ಕೈಕೊಟ್ಟರೆ ಮಾತ್ರ ನಮ್ಮ ಇಡೀ ಜಾಲಹಳ್ಳಿ ನಗುತ್ತದೆ. ನಾನು ಪೀಣ್ಯದಲ್ಲಿ ವಾಹನಗಳ ಗೇರು ಮಾಡುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಕೆಲಸ ಇಷ್ಟೇ: ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಅದಕ್ಕೊಂದು ಕೆಂಪು ಚೀಟಿ ಕಟ್ಟುವುದು. ಚೀಟಿಯಲ್ಲಿ ಭಾಗದ ಹೆಸರು, ದೋಷ, ಕಾರಣ ಬರೆದು, ಕೆಳಗಿನ ಮೂರು ಚೌಕಗಳಲ್ಲಿ ಒಂದಕ್ಕೆ ಟಿಕ್ ಹಾಕಬೇಕು: ರಿಪೇರಿಗೆ, ಗುಜರಿಗೆ, ಇಲ್ಲವೇ 'ಹಾಗೆಯೇ ಬಳಸಬಹುದು'. ಆ ಮೂರನೆಯದಕ್ಕೆ ನಾನು ಜನ್ಮದಲ್ಲಿ ಟಿಕ್ ಹಾಕಿದವನಲ್ಲ. ಕಾರಣ ಎಂಬಲ್ಲಿ ಎರಡನೆಯ ಯೋಚನೆಯಿಲ್ಲದೆ 'ಕೆಲಸಗಾರನ ಅಜಾಗರೂಕತೆ' ಎಂದು ಗೀಚುತ್ತಿದ್ದೆ. ಮಿಕ್ಕ ಚೀಟಿಗಳು ನನ್ನ ಜೇಬಿನಲ್ಲಿ ಮನೆಗೂ ಬರುತ್ತಿದ್ದವು. ನನ್ನ ಹೆಂಡತಿ ಗಿರಿಜಾ ಅವುಗಳ ಹಿಂಬದಿಯಲ್ಲಿ ತರಕಾರಿ ಪಟ್ಟಿ ಬರೆಯುತ್ತಿದ್ದಳು.

ನಮ್ಮ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಜಪಾನಿ ಎಂಜಿನಿಯರೊಬ್ಬರು ಊರಿಗೆ ಹೊರಟಾಗ ಅವರ ಕಾರನ್ನು ನಾನು ಕೊಂಡೆ. ಕ್ಲಚ್ ಇಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ. ತೊಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ಬೀದಿಗೆ ಅದೊಂದು ಪವಾಡ. ಕಷ್ಟವಾದದ್ದು ನನ್ನ ಎಡಗೈಗೆ. ಹದಿನೈದು ವರ್ಷಗಳ ಕಾಲ ಹಳೆಯ ಕಾರಿನ ಗೇರು ಎಳೆದೆಳೆದು ಪಳಗಿದ ಕೈ ಅದು. ರಿಟೈರಾದ ಮೇಲೂ ದಿನಾ ಫ್ಯಾಕ್ಟರಿ ಗೇಟಿನವರೆಗೆ ಹೋಗಿಬರುವವರಂತೆ, ಕೆಲಸವಿಲ್ಲದಿದ್ದರೂ ಹೋಗಿ ಗೇರಿನ ಕೋಲಿನ ಮೇಲೆಯೇ ಕೂರುತ್ತಿತ್ತು. ಕಾರಿನ ಜೊತೆ ಒಂದು ಪುಸ್ತಕವೂ ಬಂದಿತ್ತು. ಪೂರ್ತಿ ಜಪಾನಿ ಭಾಷೆಯಲ್ಲಿದ್ದುದರಿಂದ ಅದನ್ನು ಭಕ್ತಿಯಿಂದ ಬೀರುವಿನಲ್ಲಿಟ್ಟಿದ್ದೆ.

ತಿಂಗಳು ಕಳೆಯುವುದರೊಳಗೆ ಎದುರಿನ ಫಲಕದಲ್ಲಿ ಹಲ್ಲುಚಕ್ರದ ಚಿತ್ರವಿದ್ದ ಒಂದು ಹಳದಿ ದೀಪ ಹತ್ತಿಕೊಂಡಿತು. ಕೂಡಲೇ ಎಂಜಿನ್ ಅರಚತೊಡಗಿತು. ಕಾರು ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ದೀಪವೂ ಇಲ್ಲ, ಅರಚಾಟವೂ ಇಲ್ಲ. ನಾಲ್ಕು ಮೈಲಿ ಹೋಗುವಷ್ಟರಲ್ಲಿ ಎರಡೂ ಹಾಜರು. ಬೇರೆ ಸಮಯವಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಆದರೆ ಮುಂದಿನ ಭಾನುವಾರ ತುಮಕೂರಿನಲ್ಲಿ ಗಿರಿಜಾಳ ತಂಗಿಯ ಮನೆಯ ಗೃಹಪ್ರವೇಶ. ನನ್ನ ಷಡ್ಡಕ ಆಗಲೇ ಫೋನಿನಲ್ಲಿ, "ಏನಣ್ಣ, ಗೇರು ಹಾಕೋ ಕೆಲಸಾನೇ ಇಲ್ಲದ ಕಾರು ತಗೊಂಡ್ರಂತೆ. ಅದರಲ್ಲೇ ಬರಬೇಕು ನೋಡಿ, ಬಸ್ಸಲ್ಲಿ ಬಂದ್ರೆ ಊಟ ಇಲ್ಲ" ಎಂದಿದ್ದ. ಗೇರಿನವನು ಗೇರು ಕೆಟ್ಟು ಬಸ್ಸಿನಿಂದಿಳಿದರೆ ಆತ ಅದನ್ನು ನನ್ನ ಮೊಮ್ಮಕ್ಕಳ ಮದುವೆಯಲ್ಲೂ ಹೇಳುತ್ತಾನೆಂದು ನನಗೆ ನಿಜಕ್ಕೂ ಭಯವಾಯಿತು.

ಮೊದಲು ಬಂದವರು ಪಕ್ಕದ ಮನೆಯ ನಂಜುಂಡಪ್ಪನವರು. ಸರ್ಕಾರಿ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದು ನಿವೃತ್ತರಾದವರು, ಆದ್ದರಿಂದ ಅವರಿಗೆ ಲೋಕದ ದೋಷವೆಲ್ಲ ವೈರಿನಲ್ಲೇ ಕಾಣುತ್ತದೆ. "ಅರ್ತಿಂಗ್ ಸರಿ ಇಲ್ಲ ಕಣ್ರೀ" ಎಂದು ಎರಡು ಗಂಟೆ ಬಾನೆಟ್ಟಿನೊಳಗೆ ತಲೆಯಿಟ್ಟರು. ಅಂದಿನಿಂದ ಹಾರ್ನ್ ಹೊಡೆದರೆ ವೈಪರ್ ಆಡತೊಡಗಿತು. ದೀಪ ಮಾತ್ರ ಹಾಗೇ ಇತ್ತು. ರಜೆ ಹಾಕಿ ಮಾಕಳಿಯ ಮೆಕ್ಯಾನಿಕ್ ಖಾದರ್ ಬಳಿಗೆ ಒಯ್ದೆ. ಅವನು ವೈಪರಿಗೆ ಬುದ್ಧಿ ಕಲಿಸಿ, ಗೇರ್‌ಬಾಕ್ಸಿನ ಎಣ್ಣೆ ಬದಲಿಸಿ, ಮೂರು ಸಲ ನೆಲಮಂಗಲಕ್ಕೆ ಹೋಗಿಬಂದ. ದೀಪ ಒಮ್ಮೆಯೂ ಹತ್ತಲಿಲ್ಲ. "ನನ್ ಕೈಗೆ ಹತ್ತಲ್ಲ ಸಾರ್, ನೀವು ಕೂತ್ರೆ ಹತ್ತತದೆ. ಗಾಡೀಗೆ ನಿಮ್ ಮೇಲೆ ಏನೋ ಕೋಪ ಐತೆ" ಎಂದು ಕೈ ಒರೆಸಿಕೊಂಡ.

ಇದನ್ನು ಗಿರಿಜಾಳಿಗೆ ಹೇಳಿದಾಗ ಅವಳು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ತಲೆಯೆತ್ತದೆ, "ನೀವು ಯಾರಿಗಾದ್ರೂ ಬೈದಾಗಷ್ಟೇ ಹತ್ತುತ್ತೆ, ನಾನು ನಾಲ್ಕು ಸಲ ನೋಡೀನ್ರಿ" ಎಂದಳು. ನಾನು ಜೋರಾಗಿ ನಕ್ಕೆ. ನಾನು ಕಾರು ಓಡಿಸುವಾಗ ಬೈಯುವುದು ನಿಜ. ಲಾರಿ, ಆಟೋ, ಎಮ್ಮೆ, ಯಾವುದಕ್ಕೂ ಭೇದ ಮಾಡುವುದಿಲ್ಲ. ಆದರೆ ಕನ್ನಡದ ಬೈಗುಳ ಜಪಾನಿ ಗೇರ್‌ಬಾಕ್ಸಿಗೆ ಹೇಗೆ ಅರ್ಥವಾಗಬೇಕು? ಶನಿವಾರ ಸಂಜೆ ನಾನೇ ಒಂದು ಪರಿಹಾರ ಮಾಡಿದೆ. ಹೇಳಲು ನಾಚಿಕೆಯಾಗುತ್ತದೆ: ಕನ್ನಡಿಯ ಮೇಲಿದ್ದ ಗಿರಿಜಾಳ ದೊಡ್ಡ ಸ್ಟಿಕ್ಕರ್ ಬೊಟ್ಟೊಂದನ್ನು ಕಿತ್ತು ದೀಪದ ಮೇಲೆ ಅಂಟಿಸಿದೆ. ನಮ್ಮ ಕಾರ್ಖಾನೆಯಲ್ಲಿ ಯಾರಾದರೂ ಮೀಟರಿಗೆ ಹೀಗೆ ಮಾಡಿದ್ದರೆ ಅವನನ್ನು ಗೇಟಿನಾಚೆಗೆ ಕಳಿಸುವವರೆಗೆ ನಾನು ಅನ್ನ ಮುಟ್ಟುತ್ತಿರಲಿಲ್ಲ.

ಭಾನುವಾರ ಹೊರಟೆವು. ಮಾಕಳಿ ದಾಟುತ್ತಿದ್ದಂತೆ ಲಾರಿಯೊಂದು ಅಡ್ಡ ನುಗ್ಗಿತು. ನಾನು ಅದರ ವಂಶವನ್ನೆಲ್ಲ ಸ್ಮರಿಸಿದೆ. ಎಂಜಿನ್ ಅರಚಿತು, ಬೊಟ್ಟಿನ ಅಂಚು ಹಳದಿಯಾಗಿ ಬೆಳಗಿತು.

"ಇದು ನನ್ನ ರೇಷ್ಮೆ ಸೀರೆ ಬೊಟ್ಟು ಅಲ್ಲೇನ್ರಿ? ಬೆಳಿಗ್ಗೆಯಿಂದ ಹುಡುಕೀನಿ" ಎಂದಳು ಗಿರಿಜಾ. ಆಮೇಲೆ ತಣ್ಣಗೆ, "ಬೊಟ್ಟು ಹೋಗ್ಲಿ, ನಿಮ್ಮ ಎಡಗೈ ನೋಡ್ಕೊಳ್ರಿ."

ನೋಡಿದೆ. ಸಿಟ್ಟಿನಲ್ಲಿ ನನ್ನ ಎಡಗೈ ಗೇರಿನ ಕೋಲನ್ನು ಬಿಗಿಯಾಗಿ ಹಿಡಿದಿತ್ತು. ಹೆಬ್ಬೆರಳು ಕೋಲಿನ ಬದಿಯಲ್ಲಿದ್ದ ಪುಟ್ಟ ಗುಂಡಿಯೊಂದನ್ನು ಒತ್ತಿಕೊಂಡಿತ್ತು. ಒಮ್ಮೆ ಒತ್ತಿದರೆ, ಇನ್ನೊಮ್ಮೆ ಒತ್ತುವವರೆಗೆ ಇಲ್ಲವೇ ಕಾರು ನಿಲ್ಲಿಸುವವರೆಗೆ ಮೇಲಿನ ಗೇರಿಗೆ ಹೋಗದಂತೆ ತಡೆಯುವ ಗುಂಡಿ ಅದು; ಒತ್ತಿದ್ದೀರಿ ಎಂದು ನೆನಪಿಸುವುದಷ್ಟೇ ದೀಪದ ಕೆಲಸ. ಗಿರಿಜಾ ನನ್ನ ಕೈಯನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು, ಒಂದೇ ಬೆರಳಲ್ಲಿ ಗುಂಡಿಯನ್ನು ಮತ್ತೆ ಒತ್ತಿದಳು. ದೀಪ ಆರಿತು, ಎಂಜಿನ್ ತೆಪ್ಪಗಾಯಿತು.

ತುಮಕೂರಿನಲ್ಲಿ ಎಲೆಯ ಮುಂದೆ ಕೂತಾಗ ಷಡ್ಡಕ ಕಾರನ್ನು ಹೊಗಳಿದ. ನನ್ನ ನಾಲಿಗೆ ನಿಲ್ಲಲಿಲ್ಲ. "ಟ್ರಾನ್ಸ್‌ಮಿಷನ್‌ನಲ್ಲಿ ಬಹಳ ಸೂಕ್ಷ್ಮ ದೋಷ ಇತ್ತು ಕಣಪ್ಪ, ಮೆಕ್ಯಾನಿಕ್ಕಿಗೂ ಗೊತ್ತಾಗಲಿಲ್ಲ, ಕೊನೆಗೆ ನಾನೇ ಪತ್ತೆ ಹಚ್ಚಿದೆ" ಎಂದೆ. ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ ಗಿರಿಜಾ ನನ್ನೆಲೆಗೆ ಒಂದು ಚಮಚ ಹೆಚ್ಚಿಗೆ ಹಾಕಿ ಮುಂದೆ ಹೋದಳು. ಆಗಲೇ ನಾನು ಹೆದರಬೇಕಿತ್ತು.

ಸೋಮವಾರ ಕ್ಯಾಂಟೀನಿನಲ್ಲಿ, ನನ್ನ ಕೈಕೆಳಗಿನವರೆಲ್ಲ ಸುತ್ತ ಕೂತಿರುವಾಗ, ಚೀಲದಿಂದ ಊಟದ ಡಬ್ಬಿ ತೆಗೆದೆ. ಅದರ ಹಿಡಿಗೆ ಒಂದು ಕೆಂಪು ಚೀಟಿ ಕಟ್ಟಿತ್ತು. ಭಾಗದ ಹೆಸರು: ಯಜಮಾನರು. ದೋಷ: ಎಡಗೈ, ಬಾಯಿ. ಕಾರಣ: ಕೆಲಸಗಾರನ ಅಜಾಗರೂಕತೆ. ಟಿಕ್ ಬಿದ್ದದ್ದು ಮೂರನೆಯ ಚೌಕಕ್ಕೆ: 'ಹಾಗೆಯೇ ಬಳಸಬಹುದು'. ನಾನು ಯಾರಿಗೂ ಕೊಡದಿದ್ದ ರಿಯಾಯಿತಿ ನನಗೆ ಸಿಕ್ಕಿತ್ತು. ಬೇರೆಯವರ ಕಣ್ಣಿಗೆ ಬೀಳದಿರಲೆಂದು ಚೀಟಿಯನ್ನು ಬೇಗ ತಿರುವಿದೆ. ಹಿಂಬದಿಯಲ್ಲಿ ಎಂದಿನ ಪಟ್ಟಿ ಇತ್ತು: ಬೀನ್ಸ್ ಅರ್ಧ ಕಿಲೋ, ತೆಂಗಿನಕಾಯಿ ಎರಡು, ಬೊಟ್ಟು ಒಂದು ಪ್ಯಾಕೆಟ್, ದೊಡ್ಡದು. ಸಂಜೆ ದಾರಿಯಲ್ಲಿ ಕಾರು ನಿಲ್ಲಿಸಿ, ಮೊದಲು ಬೊಟ್ಟನ್ನೇ ಕೊಂಡೆ.